ವೈರಿಯಲ್ ಗುಣಾಂಕ

ವೈರಿಯಲ್ ಗುಣಾಂಕಗಳು ಎಂದರೆ ನೈಜ ಅನಿಲದ ಒತ್ತಡವು ಆದರ್ಶ ಅನಿಲದ ಒತ್ತಡಕ್ಕಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂಬುದನ್ನು ಸಾಂದ್ರತೆಯ ಘಾತಗಳ ಶ್ರೇಣಿಯ ಮೂಲಕ ತಿಳಿಸುವ ಸಂಖ್ಯೆಗಳು. ಇವುಗಳಲ್ಲಿ ದ್ವಿತೀಯ ವೈರಿಯಲ್ ಗುಣಾಂಕವು ಎರಡು ಅಣುಗಳ ನಡುವಣ ಬಲಗಳಿಗೆ, ತೃತೀಯ ಗುಣಾಂಕವು ಮೂರು ಅಣುಗಳು ಏಕಕಾಲದಲ್ಲಿ ಒಂದಕ್ಕೊಂದು ಸಮೀಪಿಸಿದಾಗಿನ ಪರಿಣಾಮಕ್ಕೆ ಸಂಬಂಧಿಸಿದೆ. ಪ್ರೋಟೀನ್, ಪಾಲಿಮರ್ ಮೊದಲಾದ ದೊಡ್ಡ ಅಣುಗಳ ದ್ರಾವಣಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಅನಿಲದ ಒತ್ತಡದ ಸ್ಥಾನವನ್ನು ಅಭಿಸರಣ ಒತ್ತಡವು ಪಡೆಯುತ್ತದೆ.

ಕಣ್ಣಿಗೆ ಕಾಣದ ಅಣುಗಳ ಆಕರ್ಷಣೆ ಮತ್ತು ವಿಕರ್ಷಣೆಗಳನ್ನು, ಪ್ರಯೋಗಾಲಯದಲ್ಲಿ ಅಳೆಯಬಹುದಾದ ಒಂದು ಸಂಖ್ಯೆಯೊಂದಿಗೆ ನೇರವಾಗಿ ಜೋಡಿಸುವುದೇ ಈ ಗುಣಾಂಕಗಳ ಮಹತ್ವ. ಪ್ರೋಟೀನಿನಿಂದ ಸ್ಫಟಿಕ ದೊರೆಯುವುದೇ, ಚುಚ್ಚುಮದ್ದಿನ ಸೀಸೆಯಲ್ಲಿ ಔಷಧವು ತಿಳಿಯಾಗಿ ಉಳಿಯುವುದೇ, ಕಣ್ಣಿನ ಮಸೂರವು ಪಾರದರ್ಶಕವಾಗಿರುವುದೇ ಎಂಬ ಪ್ರಶ್ನೆಗಳೂ ಇದೇ ವಿಚಾರಕ್ಕೆ ಬಂದು ಸೇರುತ್ತವೆ.

ಹೆಸರು ಮತ್ತು ಇತಿಹಾಸ

'ವೈರಿಯಲ್' ಎಂಬ ಪದವು ಬಲ ಎಂಬ ಅರ್ಥದ 'ವಿಸ್' ಎಂಬ ಲ್ಯಾಟಿನ್ ಪದದಿಂದ ಬಂದಿದೆ. ಅದರ ಬಹುವಚನ 'ವೀರೇಸ್'. ಕನ್ನಡದ 'ವೈರಿ' ಶಬ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಜರ್ಮನಿಯ ಭೌತವಿಜ್ಞಾನಿ ರುಡಾಲ್ಫ್ ಕ್ಲಾಸಿಯಸ್ 1870ರಲ್ಲಿ ಈ ಪದವನ್ನು ಬಳಕೆಗೆ ತಂದರು. ಕಣಗಳ ಸ್ಥಾನ ಮತ್ತು ಅವುಗಳ ಮೇಲೆ ವರ್ತಿಸುವ ಬಲ ಇವುಗಳ ಗುಣಲಬ್ಧದ ಸರಾಸರಿಗೂ ಕಣಗಳ ಸರಾಸರಿ ಚಲನಶಕ್ತಿಗೂ ನಿಶ್ಚಿತ ಸಂಬಂಧವಿದೆಯೆಂದು ಅವರು ತೋರಿಸಿದರು. ಇದನ್ನು ವೈರಿಯಲ್ ಪ್ರಮೇಯ ಎನ್ನುತ್ತಾರೆ. ಪಾತ್ರೆಯ ಗೋಡೆಯ ಮೇಲಿನ ಒತ್ತಡದಲ್ಲಿ ಅಣುಗಳ ಚಲನೆಯ ಪಾಲು ಎಷ್ಟು, ಅವುಗಳ ಪರಸ್ಪರ ಬಲದ ಪಾಲು ಎಷ್ಟು ಎಂಬುದನ್ನು ಈ ಪ್ರಮೇಯವು ಬೇರ್ಪಡಿಸಿ ಹೇಳುತ್ತದೆ.

ನೆದರ್ಲೆಂಡ್ಸಿನ ಯೊಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್ 1873ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ಅಣುಗಳಿಗೆ ಸ್ವಂತ ಗಾತ್ರವಿದೆ ಮತ್ತು ಅವು ಪರಸ್ಪರ ಆಕರ್ಷಿಸುತ್ತವೆ ಎಂಬ ಎರಡು ತಿದ್ದುಪಡಿಗಳನ್ನು ಆದರ್ಶ ಅನಿಲದ ಸಮೀಕರಣಕ್ಕೆ ಸೇರಿಸಿದರು. ಅನಿಲವು ದ್ರವವಾಗುವುದನ್ನು ಈ ಸಮೀಕರಣವು ಸ್ಥೂಲವಾಗಿ ವಿವರಿಸಿತಾದರೂ ನಿಖರ ಅಳತೆಗಳಿಗೆ ಪೂರ್ತಿಯಾಗಿ ಹೊಂದಿಕೊಳ್ಳಲಿಲ್ಲ. ಲೈಡನ್ನಿನಲ್ಲಿಯೇ ಕೆಲಸ ಮಾಡುತ್ತಿದ್ದ ಹೈಕೆ ಕಾಮರ್ಲಿಂಗ್ ಓನೆಸ್ 1901ರಲ್ಲಿ ಬೇರೊಂದು ಮಾರ್ಗ ಹಿಡಿದರು. ಯಾವುದೇ ಅಣುಮಾದರಿಗೆ ಕಟ್ಟುಬೀಳದೆ, ಅಳತೆಗಳನ್ನು ಒಂದು ಶ್ರೇಣಿಯಾಗಿ ಬರೆದು, ಅದರ ಪದಗಳ ಸಹಗುಣಕಗಳಿಗೆ ವೈರಿಯಲ್ ಗುಣಾಂಕಗಳೆಂದು ಹೆಸರಿಟ್ಟರು. ಅತಿ ಕಡಿಮೆ ತಾಪಮಾನದ ಸಂಶೋಧನೆಯಲ್ಲಿ ತೊಡಗಿದ್ದ ಅವರಿಗೆ ಅನಿಲಗಳ ನಡವಳಿಕೆಯ ನಿಖರ ಜ್ಞಾನ ಅವಶ್ಯವಾಗಿತ್ತು. 1908ರಲ್ಲಿ ಅವರು ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವನ್ನಾಗಿಸಿದರು. ವಾನ್ ಡರ್ ವಾಲ್ಸ್ ಅವರಿಗೆ 1910ರಲ್ಲಿ, ಓನೆಸ್ ಅವರಿಗೆ 1913ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ವೈರಿಯಲ್ ಸಮೀಕರಣ

ಒಂದು ಮೋಲ್ ಅನಿಲದ ಒತ್ತಡ ಪಿ, ಗಾತ್ರ ವಿ, ನಿರಪೇಕ್ಷ ತಾಪಮಾನ ಟಿ, ಅನಿಲ ನಿಯತಾಂಕ ಆರ್ ಎಂದಿರಲಿ. ಆಗ ಸಮೀಕರಣವು ಹೀಗಿರುತ್ತದೆ:

ಪಿವಿ ⁄ ಆರ್‌ಟಿ = 1 + ಬಿ ⁄ ವಿ + ಸಿ ⁄ ವಿ² + ಡಿ ⁄ ವಿ³ + …

ಎಡಭಾಗದ ಅನುಪಾತವನ್ನು ಸಂಪೀಡನಾಂಕ ಎಂದು ಕರೆಯುತ್ತಾರೆ. ಆದರ್ಶ ಅನಿಲದಲ್ಲಿ ಇದರ ಬೆಲೆ ಯಾವಾಗಲೂ 1. ಬಲಭಾಗದಲ್ಲಿ ಬಿ ಎಂಬುದು ದ್ವಿತೀಯ, ಸಿ ಎಂಬುದು ತೃತೀಯ, ಡಿ ಎಂಬುದು ಚತುರ್ಥ ವೈರಿಯಲ್ ಗುಣಾಂಕ. ಮೊದಲನೆಯ ಗುಣಾಂಕವು 1 ಆಗಿರುವುದರಿಂದ ಎಣಿಕೆಯು ಎರಡರಿಂದ ಆರಂಭವಾದಂತೆ ತೋರುತ್ತದೆ. ಈ ಗುಣಾಂಕಗಳು ಆಯಾ ಅನಿಲವನ್ನೂ ತಾಪಮಾನವನ್ನೂ ಅವಲಂಬಿಸಿವೆಯೇ ಹೊರತು ಸಾಂದ್ರತೆಯನ್ನಲ್ಲ.

ಶ್ರೇಣಿಯ ಅರ್ಥವನ್ನು ಜಾತ್ರೆಯ ಮೈದಾನದ ಹೋಲಿಕೆಯಿಂದ ತಿಳಿಯಬಹುದು. ವಿಶಾಲವಾದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಜನರಿದ್ದರೆ ಪ್ರತಿಯೊಬ್ಬನೂ ಒಂಟಿಯಾಗಿಯೇ ನಡೆಯುತ್ತಾನೆ. ಇದು ಆದರ್ಶ ಅನಿಲದ ಸ್ಥಿತಿ. ಜನ ಸ್ವಲ್ಪ ಹೆಚ್ಚಿದಾಗ ಇಬ್ಬಿಬ್ಬರು ಎದುರಾಗುವುದು ಆರಂಭವಾಗುತ್ತದೆ. ಇದನ್ನು ಬಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇನ್ನೂ ಹೆಚ್ಚಿದಾಗ ಮೂವರು ಒಟ್ಟಿಗೆ ಸೇರುವ ಸಂದರ್ಭಗಳು ಬರುತ್ತವೆ. ಇದು ಸಿ ಪದಕ್ಕೆ ಸೇರಿದ್ದು. ದಟ್ಟಣೆ ಕಡಿಮೆಯಿರುವಾಗ ಮೊದಲ ಒಂದೆರಡು ಪದಗಳೇ ಸಾಕಾಗುತ್ತವೆ.

ಉದಾಹರಣೆಗೆ, 0 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಇಂಗಾಲದ ಡೈಆಕ್ಸೈಡಿನ ಬಿ ಬೆಲೆ ಮೋಲಿಗೆ ಸುಮಾರು −150 ಘನ ಸೆಂಟಿಮೀಟರ್. ಒಂದು ವಾಯುಮಂಡಲ ಒತ್ತಡದಲ್ಲಿ ಒಂದು ಮೋಲ್ ಅನಿಲವು ಸುಮಾರು 22,400 ಘನ ಸೆಂಟಿಮೀಟರ್ ಸ್ಥಳವನ್ನು ಆಕ್ರಮಿಸುವುದರಿಂದ ಆದರ್ಶ ಸ್ಥಿತಿಯಿಂದ ಆಗುವ ವ್ಯತ್ಯಾಸ ಶೇಕಡಾ 0.7ರಷ್ಟು ಮಾತ್ರ. ಅದೇ ಅನಿಲವನ್ನು 10 ವಾಯುಮಂಡಲ ಒತ್ತಡಕ್ಕೆ ಒಳಪಡಿಸಿದರೆ ವ್ಯತ್ಯಾಸವು ಶೇಕಡಾ 7ರ ಸಮೀಪಕ್ಕೆ ಏರುತ್ತದೆ.

ದ್ವಿತೀಯ ಗುಣಾಂಕದ ಅರ್ಥ

ಬಿ ಧನಾತ್ಮಕವಾಗಿದ್ದರೆ ಒಟ್ಟಾರೆಯಾಗಿ ವಿಕರ್ಷಣೆಯ ಪರಿಣಾಮ ಮೇಲುಗೈ ಪಡೆದಿದೆ ಎಂದರ್ಥ. ಒತ್ತಡವು ಆದರ್ಶ ಬೆಲೆಗಿಂತ ಹೆಚ್ಚಾಗಿರುತ್ತದೆ. ಋಣಾತ್ಮಕವಾಗಿದ್ದರೆ ಆಕರ್ಷಣೆ ಮೇಲುಗೈ ಪಡೆದಿದೆ, ಒತ್ತಡ ಕಡಿಮೆಯಾಗಿರುತ್ತದೆ. ಬಿ ಸೊನ್ನೆಯಾಗಿದ್ದರೆ ಅಣುಗಳ ನಡುವೆ ಬಲಗಳೇ ಇಲ್ಲವೆಂದು ಭಾವಿಸಬಾರದು. ಆಕರ್ಷಣೆ ಮತ್ತು ವಿಕರ್ಷಣೆಗಳು ಸರಿದೂಗಿವೆ ಎಂಬುದಷ್ಟೇ ಅದರ ಅರ್ಥ. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ.

ಗಟ್ಟಿ ಗೋಲಗಳ ಮಾದರಿ: ಅಣುಗಳನ್ನು ಪರಸ್ಪರ ಆಕರ್ಷಿಸದ ಗಟ್ಟಿ ಗೋಲಿಗಳೆಂದು ಊಹಿಸೋಣ. ಎರಡು ಗೋಲಿಗಳ ಕೇಂದ್ರಗಳು ಒಂದು ವ್ಯಾಸಕ್ಕಿಂತ ಸಮೀಪ ಬರಲಾರವು. ಆದ್ದರಿಂದ ಒಂದು ಗೋಲಿಯ ಸುತ್ತ, ಗೋಲಿಯ ವ್ಯಾಸವನ್ನೇ ತ್ರಿಜ್ಯವಾಗಿ ಉಳ್ಳ ಒಂದು ವಲಯವು ಇನ್ನೊಂದರ ಕೇಂದ್ರಕ್ಕೆ ನಿಷಿದ್ಧವಾಗಿರುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಗಾತ್ರ ಎಂಟು ಪಟ್ಟಾಗುತ್ತದೆ. ಈ ನಿಷೇಧವನ್ನು ಎರಡು ಗೋಲಿಗಳೂ ಹಂಚಿಕೊಳ್ಳುವುದರಿಂದ ಒಂದೊಂದರ ಪಾಲಿಗೆ ಗೋಲಿಯ ಗಾತ್ರದ ನಾಲ್ಕು ಪಟ್ಟು ಬರುತ್ತದೆ. ಗಟ್ಟಿ ಗೋಲಗಳ ದ್ವಿತೀಯ ಗುಣಾಂಕವು ಇಷ್ಟೇ. ಅದು ತಾಪಮಾನದೊಂದಿಗೆ ಬದಲಾಗುವುದಿಲ್ಲ.

ತಾಪಮಾನದ ಪರಿಣಾಮ: ನೈಜ ಅಣುಗಳು ಬಹಳ ಸಮೀಪಿಸಿದಾಗ ವಿಕರ್ಷಿಸುತ್ತವೆ, ಸ್ವಲ್ಪ ದೂರದಲ್ಲಿದ್ದಾಗ ಆಕರ್ಷಿಸುತ್ತವೆ. ತಾಪಮಾನ ಕಡಿಮೆಯಿದ್ದಾಗ ನಿಧಾನವಾಗಿ ಚಲಿಸುವ ಅಣುಗಳ ಮೇಲೆ ಆಕರ್ಷಣೆಯ ಹಿಡಿತ ಹೆಚ್ಚು. ಆದ್ದರಿಂದ ಬಿ ಋಣಾತ್ಮಕವಾಗಿರುತ್ತದೆ. ತಾಪಮಾನ ಏರಿದಂತೆ ಆ ಹಿಡಿತ ಸಡಿಲವಾಗಿ ಅಣುಗಳ ಸ್ವಂತ ಗಾತ್ರದ ಪರಿಣಾಮವೇ ಮುಂದೆ ಬರುತ್ತದೆ. ವಾನ್ ಡರ್ ವಾಲ್ಸ್ ಸಮೀಕರಣವನ್ನು ಶ್ರೇಣಿಯಾಗಿ ವಿಸ್ತರಿಸಿದಾಗಲೂ ಇದೇ ಫಲಿತಾಂಶ ದೊರೆಯುತ್ತದೆ: ದ್ವಿತೀಯ ಗುಣಾಂಕವು ಅಣುಗಾತ್ರದ ಪದದಿಂದ, ಆಕರ್ಷಣೆಯ ಪದವನ್ನು ಆರ್‌ಟಿಯಿಂದ ಭಾಗಿಸಿ ಕಳೆದುದಕ್ಕೆ ಸಮ. ಕೆಲವು ಅನಿಲಗಳ ಅಂದಾಜು ಬೆಲೆಗಳು (ಮೋಲಿಗೆ ಘನ ಸೆಂಟಿಮೀಟರ್‌ಗಳಲ್ಲಿ) ಹೀಗಿವೆ:

| ಅನಿಲ | 273 ಕೆಲ್ವಿನ್ | 373 ಕೆಲ್ವಿನ್ | 600 ಕೆಲ್ವಿನ್ |
|---|---|---|---|
| ಹೀಲಿಯಂ | 12 | 11 | 10 |
| ಸಾರಜನಕ | −10 | 6 | 22 |
| ಆರ್ಗಾನ್ | −22 | −4 | 12 |
| ಇಂಗಾಲದ ಡೈಆಕ್ಸೈಡ್ | −150 | −72 | −12 |

ಬಾಯ್ಲ್ ತಾಪಮಾನ: ಬಿ ಸೊನ್ನೆಯಾಗುವ ತಾಪಮಾನವನ್ನು ಬಾಯ್ಲ್ ತಾಪಮಾನ ಎನ್ನುತ್ತಾರೆ. ಈ ತಾಪಮಾನದಲ್ಲಿ ನೈಜ ಅನಿಲವೂ ಸಾಕಷ್ಟು ವಿಶಾಲವಾದ ಒತ್ತಡದ ವ್ಯಾಪ್ತಿಯಲ್ಲಿ ಬಾಯ್ಲನ ನಿಯಮವನ್ನು ಪಾಲಿಸುತ್ತದೆ. ಸಾರಜನಕಕ್ಕೆ ಇದು ಸುಮಾರು 327 ಕೆಲ್ವಿನ್, ಅಂದರೆ 54 ಡಿಗ್ರಿ ಸೆಲ್ಸಿಯಸ್. ಹೀಲಿಯಂ ಪರಮಾಣುಗಳ ಆಕರ್ಷಣೆ ಅತ್ಯಂತ ದುರ್ಬಲವಾದ ಕಾರಣ ಅದರ ಬಾಯ್ಲ್ ತಾಪಮಾನ ಸುಮಾರು 23 ಕೆಲ್ವಿನ್ ಮಾತ್ರ.

ಬಲವಿಲ್ಲದೆಯೂ ಬರುವ ಪರಿಣಾಮ: ಅತಿ ಕಡಿಮೆ ತಾಪಮಾನದಲ್ಲಿ ಕ್ವಾಂಟಂ ನಿಯಮಗಳು ಪ್ರಮುಖವಾಗುತ್ತವೆ. ಕಣಗಳ ನಡುವೆ ಯಾವ ಬಲವೂ ಇಲ್ಲದಿದ್ದರೂ ಆಗ ಬಿ ಸೊನ್ನೆಯಾಗುವುದಿಲ್ಲ. ಸತ್ಯೇಂದ್ರನಾಥ ಬೋಸ್ ಅವರ ಹೆಸರನ್ನು ಹೊತ್ತ ಬೋಸಾನ್ ಕಣಗಳಲ್ಲಿ ಅದು ಋಣಾತ್ಮಕ. ಫರ್ಮಿಯಾನ್ ಕಣಗಳಲ್ಲಿ ಧನಾತ್ಮಕ.

ಅಣುಬಲದಿಂದ ಗುಣಾಂಕಕ್ಕೆ

ಓನೆಸ್ ಅವರಿಗೆ ಅಳತೆಯ ಸಾರಾಂಶವಾಗಿದ್ದ ಗುಣಾಂಕಗಳಿಗೆ ಸೈದ್ಧಾಂತಿಕ ಅರ್ಥವನ್ನು ನೀಡಿದ್ದು ಸಾಂಖ್ಯಿಕ ಬಲವಿಜ್ಞಾನ. ಎರಡು ಅಣುಗಳು ನಿರ್ದಿಷ್ಟ ದೂರದಲ್ಲಿ ಕಂಡುಬರುವ ಸಂಭವನೀಯತೆಯು ಅವುಗಳ ನಡುವಣ ಪ್ರಚ್ಛನ್ನ ಶಕ್ತಿ ಮತ್ತು ತಾಪಮಾನಗಳನ್ನು ಅವಲಂಬಿಸಿದೆ. ಬಲಗಳೇ ಇಲ್ಲದಿದ್ದಾಗ ಇರುತ್ತಿದ್ದ ಸಂಭವನೀಯತೆಯನ್ನು 1 ಎಂದು ಇಟ್ಟುಕೊಂಡು, ಪ್ರತಿ ದೂರದಲ್ಲಿಯೂ ನೈಜ ಬೆಲೆ ಅದಕ್ಕಿಂತ ಎಷ್ಟು ಭಿನ್ನ ಎಂಬುದನ್ನು ಕಂಡುಹಿಡಿಯಬೇಕು. ಈ ವ್ಯತ್ಯಾಸಕ್ಕೆ ಮೇಯರ್ ಫಲನ ಎಂದು ಹೆಸರು. ಅದನ್ನು ಸುತ್ತಲಿನ ಸಮಸ್ತ ಆಕಾಶದಲ್ಲಿ ಸಂಕಲಿಸಿ, ಅರ್ಧ ಮಾಡಿ, ಚಿಹ್ನೆಯನ್ನು ಬದಲಿಸಿದರೆ ಒಂದು ಜೋಡಿ ಅಣುಗಳ ದ್ವಿತೀಯ ಗುಣಾಂಕ ದೊರೆಯುತ್ತದೆ. ಗಟ್ಟಿ ಗೋಲಿಗಳ ನಾಲ್ಕು ಪಟ್ಟಿನ ಲೆಕ್ಕವು ಇದರದೇ ಸರಳ ರೂಪ. ಮುಂದಿನ ಗುಣಾಂಕಗಳನ್ನು ಅಣುಗುಚ್ಛಗಳ ಮೂಲಕ ಗಣಿಸುವ ವ್ಯವಸ್ಥಿತ ವಿಧಾನವನ್ನು ಜೋಸೆಫ್ ಮೇಯರ್ ಮತ್ತು ಸಂಗಡಿಗರು 1937ರ ಸುಮಾರಿಗೆ ಬೆಳೆಸಿದರು.

ಇದೇ ದಾರಿಯಲ್ಲಿ ಹಿಮ್ಮುಖವಾಗಿಯೂ ಸಾಗಬಹುದು. 1924ರಲ್ಲಿ ಇಂಗ್ಲೆಂಡಿನ ಜಾನ್ ಲೆನಾರ್ಡ್-ಜೋನ್ಸ್ ಅನಿಲಗಳ ಅಳತೆಗಳನ್ನು ಉಪಯೋಗಿಸಿ ಅಣುಗಳ ನಡುವಣ ಬಲದ ಸ್ವರೂಪವನ್ನು ಅಂದಾಜು ಮಾಡಿದರು. ಅವರ ಹೆಸರಿನ ಪ್ರಚ್ಛನ್ನ ಶಕ್ತಿಯ ಸೂತ್ರವು ಇಂದಿಗೂ ಕಂಪ್ಯೂಟರ್ ಗಣನೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ದ್ರಾವಣಗಳಲ್ಲಿ ವೈರಿಯಲ್ ಗುಣಾಂಕ

ನೀರನ್ನು ಹಾಯಲು ಬಿಟ್ಟು ದೊಡ್ಡ ಅಣುಗಳನ್ನು ತಡೆಯುವ ಅರೆಪಾರಕ ಪೊರೆಯ ಒಂದು ಬದಿಯಲ್ಲಿ ದ್ರಾವಣ, ಇನ್ನೊಂದು ಬದಿಯಲ್ಲಿ ದ್ರಾವಕ ಇದ್ದರೆ ದ್ರಾವಕವು ದ್ರಾವಣದ ಕಡೆಗೆ ಹರಿಯುತ್ತದೆ. ಈ ಹರಿವನ್ನು ತಡೆಯಲು ಬೇಕಾಗುವ ಒತ್ತಡವೇ ಅಭಿಸರಣ ಒತ್ತಡ. ಬಹಳ ತೆಳುವಾದ ದ್ರಾವಣಗಳಲ್ಲಿ ಇದು ಆದರ್ಶ ಅನಿಲದ ನಿಯಮವನ್ನೇ ಹೋಲುವುದೆಂದು ಯಾಕೋಬಸ್ ವಾಂಟ್ ಹಾಫ್ 1880ರ ದಶಕದಲ್ಲಿ ತೋರಿಸಿದರು. 1901ರಲ್ಲಿ ರಸಾಯನವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಒಂದು ನಿಶ್ಚಿತ ಗಾತ್ರದಲ್ಲಿ ಕರಗಿರುವ ದ್ರಾವ್ಯದ ತೂಕವನ್ನು ಸಾರತೆ ಎಂದೂ ದ್ರಾವ್ಯದ ಅಣುತೂಕವನ್ನು ಎಂ ಎಂದೂ ಕರೆದರೆ ಸಮೀಕರಣವು ಹೀಗಾಗುತ್ತದೆ:

ಅಭಿಸರಣ ಒತ್ತಡ ⁄ (ಆರ್‌ಟಿ × ಸಾರತೆ) = 1 ⁄ ಎಂ + ಎ₂ × ಸಾರತೆ + ಎ₃ × ಸಾರತೆ² + …

ಇಲ್ಲಿ ಎ₂ ಎಂಬುದು ಅಭಿಸರಣದ ದ್ವಿತೀಯ ವೈರಿಯಲ್ ಗುಣಾಂಕ. ಇದು ಕೇವಲ ಬಾಹ್ಯ ಹೋಲಿಕೆಯಲ್ಲ, ಎರಡರ ಗಣಿತವೂ ಒಂದೇ ಎಂಬುದನ್ನು ಮ್ಯಾಕ್‌ಮಿಲನ್ ಮತ್ತು ಮೇಯರ್ 1945ರಲ್ಲಿ ಸಿದ್ಧಪಡಿಸಿದರು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅನಿಲದಲ್ಲಿ ಎರಡು ಅಣುಗಳ ನಡುವೆ ಶೂನ್ಯವಿದೆ; ದ್ರಾವಣದಲ್ಲಿ ನೀರು ಮತ್ತು ಲವಣಗಳಿವೆ. ಆದ್ದರಿಂದ ಎ₂ ಹೇಳುವುದು ಆ ಮಾಧ್ಯಮದ ಮೂಲಕ ನಡೆಯುವ ಬಲವನ್ನು. ಲವಣವನ್ನಾಗಲಿ ಆಮ್ಲೀಯತೆಯನ್ನಾಗಲಿ ಬದಲಿಸಿದರೆ ಅದೇ ಪ್ರೋಟೀನಿನ ಎ₂ ಸಹ ಬದಲಾಗುತ್ತದೆ.

ಇಂಗ್ಲೆಂಡಿನ ಗಿಲ್ಬರ್ಟ್ ಅಡೇರ್ 1925ರಲ್ಲಿ ರಕ್ತದ ಹಿಮೋಗ್ಲೋಬಿನ್ನಿನ ಅಭಿಸರಣ ಒತ್ತಡವನ್ನು ಅಳೆದು ಅದರ ಅಣುತೂಕ ಸುಮಾರು 67,000 ಎಂದೂ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ ಎಂದೂ ನಿರ್ಣಯಿಸಿದರು. ಸಾರತೆ ಹೆಚ್ಚಿದಂತೆ ಅಣುಗಳ ಪರಸ್ಪರ ಪ್ರಭಾವವು ಫಲಿತಾಂಶದಲ್ಲಿ ಬೆರೆಯುವುದರಿಂದ, ಇಂತಹ ಅಳತೆಗಳಲ್ಲಿ ಸಾರತೆ ಸೊನ್ನೆಯಾಗುವ ಕಡೆಗೆ ರೇಖೆಯನ್ನು ಎಳೆದು ಅಣುತೂಕವನ್ನು ಪಡೆಯಬೇಕು. ಆ ರೇಖೆಯ ಓರೆಯೇ ಎ₂.

ಪಾಲಿಮರ್ ದ್ರಾವಣಗಳಲ್ಲಿ ಎ₂ ಸೊನ್ನೆಯಾಗುವ ತಾಪಮಾನಕ್ಕೆ ಥೀಟಾ ತಾಪಮಾನ ಎಂದು ಹೆಸರು. ಅನಿಲಗಳ ಬಾಯ್ಲ್ ತಾಪಮಾನಕ್ಕೆ ಇದು ಸಂವಾದಿ. ಸೈಕ್ಲೋಹೆಕ್ಸೇನಿನಲ್ಲಿ ಕರಗಿದ ಪಾಲಿಸ್ಟೈರೀನಿಗೆ ಅದು ಸುಮಾರು 34.5 ಡಿಗ್ರಿ ಸೆಲ್ಸಿಯಸ್.

ಅಳೆಯುವ ವಿಧಾನಗಳು

ಅನಿಲಗಳಲ್ಲಿ ಒತ್ತಡ, ಗಾತ್ರ ಮತ್ತು ತಾಪಮಾನಗಳ ನಿಖರ ಅಳತೆಯಿಂದ ಅಥವಾ ಅನಿಲದಲ್ಲಿ ಶಬ್ದದ ವೇಗವನ್ನು ಅಳೆಯುವುದರಿಂದ ಗುಣಾಂಕಗಳನ್ನು ಪಡೆಯುತ್ತಾರೆ. ದ್ರಾವಣಗಳಲ್ಲಿ ಅಭಿಸರಣ ಮಾಪನದ ಜೊತೆಗೆ ಬೆಳಕಿನ ಚದರಿಕೆ, ಕ್ಷ-ಕಿರಣಗಳ ಸಣ್ಣ ಕೋನದ ಚದರಿಕೆ ಮತ್ತು ಅತಿವೇಗದ ಸೆಂಟ್ರಿಫ್ಯೂಜ್ ಯಂತ್ರದ ವಿಧಾನಗಳು ಬಳಕೆಯಲ್ಲಿವೆ.

ಇವುಗಳಲ್ಲಿ ಬೆಳಕಿನ ಚದರಿಕೆಯ ವಿಧಾನವು ಹೆಚ್ಚು ಪ್ರಚಲಿತ. ದ್ರಾವಣದ ಒಳಗೆ ಪ್ರೋಟೀನಿನ ಸಾರತೆಯು ಕ್ಷಣಕ್ಷಣಕ್ಕೂ ಅಲ್ಲಲ್ಲಿ ಏರಿಳಿಯುತ್ತಿರುತ್ತದೆ. ಈ ಏರಿಳಿತವೇ ಬೆಳಕನ್ನು ಚದರಿಸುತ್ತದೆ. ಅಣುಗಳು ವಿಕರ್ಷಿಸಿದರೆ ಸಮನಾಗಿ ಹರಡಿಕೊಳ್ಳುವುದರಿಂದ ಏರಿಳಿತ ತಗ್ಗಿ ಚದರುವ ಬೆಳಕು ಕಡಿಮೆಯಾಗುತ್ತದೆ. ಆಕರ್ಷಿಸಿದರೆ ಗುಂಪುಗೂಡುವುದರಿಂದ ಚದರಿಕೆ ಹೆಚ್ಚುತ್ತದೆ. ಪೀಟರ್ ಡಿಬೈ 1940ರ ದಶಕದಲ್ಲಿ ಈ ವಿಧಾನವನ್ನು ದೊಡ್ಡ ಅಣುಗಳಿಗೆ ಅಳವಡಿಸಿದರು. ಸಿ. ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ರಾಮನ್ ಪರಿಣಾಮದಲ್ಲಿ ಚದರಿದ ಬೆಳಕಿನ ತರಂಗಾಂತರ ಬದಲಾಗುತ್ತದೆ. ಇಲ್ಲಿ ಅಳೆಯುವುದು ತರಂಗಾಂತರ ಬಹುಮಟ್ಟಿಗೆ ಬದಲಾಗದ ಚದರಿಕೆಯನ್ನು. ಎರಡನ್ನೂ ಒಂದೆಂದು ತಿಳಿಯಬಾರದು.

ಪ್ರೋಟೀನ್ ದ್ರಾವಣಗಳು

ಪ್ರೋಟೀನ್ ಅಣುಗಳ ನಡುವೆ ಹಲವು ಬಗೆಯ ಪ್ರಭಾವಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಅವುಗಳ ಸ್ವಂತ ಗಾತ್ರ ಮತ್ತು ಸಮಾನ ವಿದ್ಯುದಾವೇಶಗಳ ವಿಕರ್ಷಣೆ ಎ₂ವನ್ನು ಹೆಚ್ಚಿಸುತ್ತವೆ. ವಾನ್ ಡರ್ ವಾಲ್ಸ್ ಆಕರ್ಷಣೆ, ನೀರಿನಿಂದ ದೂರ ಸರಿಯಬಯಸುವ ಮೇಲ್ಮೈ ಭಾಗಗಳು ಪರಸ್ಪರ ಕೂಡಿಕೊಳ್ಳುವಿಕೆ ಮತ್ತು ವಿರುದ್ಧ ಆವೇಶದ ತಾಣಗಳ ಸೆಳೆತ ಅದನ್ನು ತಗ್ಗಿಸುತ್ತವೆ.

ಕೋಳಿಮೊಟ್ಟೆಯ ಬಿಳಿಯ ಭಾಗದಲ್ಲಿರುವ ಲೈಸೋಜೈಮ್ ಈ ಅಧ್ಯಯನದಲ್ಲಿ ಪದೇ ಪದೇ ಬಳಕೆಯಾಗಿರುವ ಪ್ರೋಟೀನ್. ಇದರಲ್ಲಿ 129 ಅಮೈನೋ ಆಮ್ಲಗಳಿವೆ. ಅಣುತೂಕ ಸುಮಾರು 14,300. ಲೀಟರಿಗೆ 10 ಗ್ರಾಂ ಕರಗಿಸಿದ ದ್ರಾವಣದ ಅಭಿಸರಣ ಒತ್ತಡವು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರ್ಶ ಲೆಕ್ಕದಂತೆ, ಸುಮಾರು 18 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಪ್ರೋಟೀನು ಗ್ರಾಮಿಗೆ ಸುಮಾರು 0.73 ಮಿಲಿಲೀಟರ್ ಸ್ಥಳ ಹಿಡಿಯುವ ಗಟ್ಟಿ ಗೋಲವಾಗಿದ್ದರೆ ಈ ಒತ್ತಡವು ಶೇಕಡಾ 3ರಷ್ಟು ಹೆಚ್ಚಾಗಬೇಕು. ಎ₂ ಬೆಲೆ ಸುಮಾರು 2 × 10⁻⁴ ಆಗಬೇಕು (ಗ್ರಾಂ ವರ್ಗಕ್ಕೆ ಮೋಲ್-ಮಿಲಿಲೀಟರ್ ಏಕಮಾನದಲ್ಲಿ). ಆಮ್ಲೀಯ ದ್ರಾವಣದಲ್ಲಿ ಈ ಪ್ರೋಟೀನಿಗೆ ಧನ ಆವೇಶವಿರುತ್ತದೆ. ಲವಣ ಕಡಿಮೆಯಿದ್ದಾಗ ಆವೇಶಗಳ ವಿಕರ್ಷಣೆಯಿಂದ ಎ₂ ಧನಾತ್ಮಕವಾಗಿರುತ್ತದೆ. ಅಡುಗೆ ಉಪ್ಪನ್ನು ಸೇರಿಸುತ್ತ ಹೋದಂತೆ ಅದರ ಅಯಾನುಗಳು ಆವೇಶಗಳನ್ನು ಮರೆಮಾಡುತ್ತವೆ. ಎ₂ ಇಳಿಯುತ್ತ ಬಂದು ಋಣಾತ್ಮಕವಾಗುತ್ತದೆ.

ಸ್ಫಟಿಕೀಕರಣ: ಪ್ರೋಟೀನಿನ ರಚನೆಯನ್ನು ಕ್ಷ-ಕಿರಣಗಳಿಂದ ಅರಿಯಲು ಉತ್ತಮ ಸ್ಫಟಿಕಗಳು ಬೇಕು. ಆದರೆ ಯಾವ ದ್ರಾವಣದಲ್ಲಿ ಸ್ಫಟಿಕ ಬೆಳೆಯುವುದೆಂದು ಮುಂಚಿತವಾಗಿ ತಿಳಿಯುವುದು ಕಷ್ಟ. ಸ್ಫಟಿಕ ನೀಡುವ ದ್ರಾವಣಗಳಲ್ಲಿ ಬಹುಪಾಲು, ಮೇಲಿನ ಏಕಮಾನದಲ್ಲಿ ಸುಮಾರು −1 × 10⁻⁴ರಿಂದ −8 × 10⁻⁴ರ ನಡುವಣ ಎ₂ ಬೆಲೆಯನ್ನು ಹೊಂದಿರುತ್ತವೆಂದು ಜಾರ್ಜ್ ಮತ್ತು ವಿಲ್ಸನ್ 1994ರಲ್ಲಿ ಪ್ರಕಟಿಸಿದರು. ಈ ಕಿರಿದಾದ ವ್ಯಾಪ್ತಿಗೆ ಸ್ಫಟಿಕೀಕರಣದ ಕಿಂಡಿ ಎಂಬ ಅರ್ಥದ ಹೆಸರಿದೆ. ಆಕರ್ಷಣೆ ಸಾಲದಿದ್ದರೆ ಅಣುಗಳು ಒಂದುಗೂಡುವುದಿಲ್ಲ. ಅತಿಯಾದರೆ ಕ್ರಮಬದ್ಧವಾಗಿ ಜೋಡಣೆಯಾಗಲು ಅವಕಾಶವಿಲ್ಲದೆ ಮುದ್ದೆಯಾಗಿ ತಳಕ್ಕಿಳಿಯುತ್ತವೆ. ಕಿಂಡಿಯೊಳಗಿದ್ದ ಮಾತ್ರಕ್ಕೆ ಸ್ಫಟಿಕ ದೊರೆತೇ ತೀರುವುದೆಂಬ ಭರವಸೆಯಿಲ್ಲ. ಅದು ಅನುಕೂಲಕರ ಸ್ಥಿತಿಯ ಸೂಚನೆ ಮಾತ್ರ.

ಔಷಧಗಳು: ಪ್ರತಿಕಾಯಗಳನ್ನು ಆಧರಿಸಿದ ಔಷಧಗಳ ಅಣುತೂಕ ಸುಮಾರು 1,50,000. ಚರ್ಮದ ಕೆಳಗೆ ಚುಚ್ಚಲು ಅಲ್ಪ ಪ್ರಮಾಣದ ದ್ರವದಲ್ಲಿ ಹೆಚ್ಚು ಔಷಧ ಸೇರಬೇಕಾದ್ದರಿಂದ, ಇವುಗಳನ್ನು ಅನೇಕ ವೇಳೆ ಲೀಟರಿಗೆ 100 ಗ್ರಾಂಗಿಂತ ಹೆಚ್ಚಿನ ಸಾರತೆಯಲ್ಲಿ ತಯಾರಿಸುತ್ತಾರೆ. ಅಣುಗಳು ಪರಸ್ಪರ ಹೆಚ್ಚಾಗಿ ಆಕರ್ಷಿಸಿದರೆ ದ್ರಾವಣವು ಮಂದವಾಗಬಹುದು, ಕದಡಬಹುದು ಅಥವಾ ಅಣುಗಳು ಗಂಟುಕಟ್ಟಬಹುದು. ಹಾಗಾಗಿ ತೆಳು ದ್ರಾವಣದಲ್ಲಿ ಅಳೆದ ಎ₂ವನ್ನು ಸೂಕ್ತ ಲವಣ ಮತ್ತು ಆಮ್ಲೀಯತೆಗಳನ್ನು ಆರಿಸಲು ಆರಂಭದ ಮಾರ್ಗದರ್ಶಿಯಾಗಿ ಬಳಸುತ್ತಾರೆ.

ಕಣ್ಣಿನ ಮಸೂರ: ಮಸೂರದಲ್ಲಿ ಕ್ರಿಸ್ಟಲಿನ್ ಎಂಬ ಪ್ರೋಟೀನುಗಳು ಬಹಳ ದಟ್ಟವಾಗಿ ತುಂಬಿವೆ. ಪ್ರತಿಯೊಂದು ಅಣುವೂ ಸ್ವತಂತ್ರವಾಗಿ ಬೆಳಕನ್ನು ಚದರಿಸಿದ್ದರೆ ಮಸೂರವು ಹಾಲಿನಂತೆ ಬೆಳ್ಳಗೆ ಕಾಣಬೇಕಿತ್ತು. ಒತ್ತೊತ್ತಾಗಿರುವ ಅಣುಗಳು ಒಂದರಿಂದೊಂದು ಅಂತರ ಕಾಯ್ದುಕೊಳ್ಳುವ ಕಾರಣ ಸಾರತೆಯ ಏರಿಳಿತ ತಗ್ಗಿ ಬೆಳಕು ನೇರವಾಗಿ ಹಾದುಹೋಗುತ್ತದೆ. ಪ್ರೋಟೀನುಗಳು ಗುಂಪುಗೂಡತೊಡಗಿದಾಗ ಈ ವ್ಯವಸ್ಥೆ ಕೆಟ್ಟು ಪಾರದರ್ಶಕತೆ ಕುಂದುತ್ತದೆ; ಕಣ್ಣಿನ ಪೊರೆ ರೋಗದಲ್ಲಿ ಆಗುವುದು ಇದೇ. ಕೆಲವು ಎಳೆಯ ಪ್ರಾಣಿಗಳ ಮಸೂರವನ್ನು ತಂಪುಗೊಳಿಸಿದರೆ ಮಬ್ಬಾಗಿ, ಬೆಚ್ಚಗಾಗಿಸಿದರೆ ಮತ್ತೆ ತಿಳಿಯಾಗುತ್ತದೆ. ತಾಪಮಾನ ಇಳಿದಾಗ ಆಕರ್ಷಣೆ ಮೇಲುಗೈ ಪಡೆಯುವುದಕ್ಕೆ ಇದು ಕಣ್ಣಾರೆ ಕಾಣುವ ಉದಾಹರಣೆ.

ಮಿತಿಗಳು

ದ್ವಿತೀಯ ಗುಣಾಂಕವು ಎಲ್ಲ ದೂರಗಳ ಮತ್ತು ಎಲ್ಲ ದಿಕ್ಕುಗಳ ಸರಾಸರಿ. ಭಿನ್ನ ಸ್ವರೂಪದ ಎರಡು ಬಲಗಳು ಒಂದೇ ಬೆಲೆಯನ್ನು ಕೊಡಬಹುದು. ಆದ್ದರಿಂದ ಒಂದೇ ತಾಪಮಾನದ ಒಂದು ಸಂಖ್ಯೆಯಿಂದ ಅಣುಬಲದ ಪೂರ್ಣ ಚಿತ್ರ ದೊರೆಯದು. ಪ್ರೋಟೀನಿನ ಮೇಲ್ಮೈಯ ಒಂದು ಸಣ್ಣ ತಾಣದಲ್ಲಿ ಪ್ರಬಲ ಸೆಳೆತವಿದ್ದರೂ ಉಳಿದ ಭಾಗದ ವಿಕರ್ಷಣೆಯಲ್ಲಿ ಅದು ಮರೆಯಾಗಬಹುದು.

ಸಾಂದ್ರತೆ ಹೆಚ್ಚಿದಾಗ ಮುಂದಿನ ಪದಗಳು ಮುಖ್ಯವಾಗುತ್ತವೆ. ಗಟ್ಟಿ ಗೋಲಗಳಲ್ಲಿಯೂ ತೃತೀಯ ಗುಣಾಂಕವು ದ್ವಿತೀಯದ ವರ್ಗದ 5⁄8ರಷ್ಟಿದೆ. ಮುಂದಿನ ಗುಣಾಂಕಗಳ ಗಣನೆಯು ಶೀಘ್ರವಾಗಿ ಜಟಿಲವಾಗುತ್ತ ಹೋಗುತ್ತದೆ. ದ್ರವಸ್ಥಿತಿಯನ್ನು ವಿವರಿಸಲು ಈ ಶ್ರೇಣಿ ಸೂಕ್ತವಲ್ಲ. ಅಲ್ಲಿ ಪ್ರತಿ ಅಣುವೂ ಏಕಕಾಲದಲ್ಲಿ ಅನೇಕ ಅಣುಗಳಿಂದ ಸುತ್ತುವರಿದಿರುತ್ತದೆ. ಲೀಟರಿಗೆ ಸುಮಾರು 330 ಗ್ರಾಂ ಹಿಮೋಗ್ಲೋಬಿನ್ ತುಂಬಿರುವ ಕೆಂಪು ರಕ್ತಕಣದ ಒಳಗಿನ ಸ್ಥಿತಿಯನ್ನು ಎ₂ ಒಂದರಿಂದಲೇ ತಿಳಿಯಲು ಸಾಧ್ಯವಿಲ್ಲ. ತೆಳುವಾದ ದ್ರಾವಣದಲ್ಲಿ ಇಬ್ಬರ ನಡುವಣ ಸಂಬಂಧವನ್ನು ಎ₂ ನಿಖರವಾಗಿ ಹೇಳುತ್ತದೆ. ಗುಂಪಿನ ವರ್ತನೆಗೆ ಅದು ಮೊದಲ ಸುಳಿವು ಮಾತ್ರ.

ಇವನ್ನೂ ನೋಡಿ

ಆದರ್ಶ ಅನಿಲ
ವಾನ್ ಡರ್ ವಾಲ್ಸ್ ಬಲ
ಅಭಿಸರಣ
ಬೆಳಕಿನ ಚದರಿಕೆ
ಪ್ರೋಟೀನ್